ಶೇಕಡಾ ನಾಲ್ಕರ ಅವಸರ

ಹಳೆಯ ಕನ್ನಡ ಚಿತ್ರಗೀತೆಯನ್ನು ವಿಸಿಡಿಯಲ್ಲೋ ಟಿವಿ ಪ್ರತಿಯಲ್ಲೋ ಕೇಳುತ್ತ ಹಾರ್ಮೋನಿಯಂ ನುಡಿಸಲು ಕೂತವರು ಎಷ್ಟೋ ಸಲ ತಬ್ಬಿಬ್ಬಾಗುತ್ತಾರೆ. ಹಾಡು ಯಾವ ಮನೆಗೂ ಸರಿಯಾಗಿ ಕೂರುವುದಿಲ್ಲ. ಬಿಳಿ ಮನೆ ಒತ್ತಿದರೆ ತುಸು ಕೆಳಗೆ, ಪಕ್ಕದ ಕರಿ ಮನೆ ಒತ್ತಿದರೆ ತುಸು ಮೇಲೆ. ಗಾಯಕರ ಶ್ರುತಿ ತಪ್ಪಿದೆ ಎಂದುಕೊಳ್ಳುವ ಮೊದಲು ಆ ಪ್ರತಿ ಎಷ್ಟು ವೇಗದಲ್ಲಿ ಓಡುತ್ತಿದೆ ಎಂದು ನೋಡಬೇಕು.

ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್. ಭಾರತದ ಟಿವಿ ಒಪ್ಪಿಕೊಂಡಿದ್ದ ಪಾಲ್ ಪದ್ಧತಿಗೆ ಬೇಕಿದ್ದದ್ದು 25. ಈ ಒಂದು ಫ್ರೇಮಿನ ವ್ಯತ್ಯಾಸಕ್ಕೆ ಪಾಲ್ ದೇಶಗಳಲ್ಲಿ ರೂಢಿಯಾದ ಸುಲಭ ಉಪಾಯವೆಂದರೆ ರೀಲನ್ನೇ ಶೇಕಡಾ ನಾಲ್ಕರಷ್ಟು ಬೇಗ ಓಡಿಸುವುದು. ಹಾಗೆ ಓಡಿಸಿದಾಗ 150 ನಿಮಿಷದ ಚಿತ್ರ 144 ನಿಮಿಷಕ್ಕೆ ಮುಗಿಯುತ್ತದೆ. ಧ್ವನಿಯೂ ಜೊತೆಗೇ ಓಡುವುದರಿಂದ 440 ಹರ್ಟ್ಸ್‌ನ ಸ್ವರ 458ಕ್ಕೆ ಏರುತ್ತದೆ. ಹಾರ್ಮೋನಿಯಂ ಲೆಕ್ಕದಲ್ಲಿ ಅದು ಮುಕ್ಕಾಲು ಮನೆಗೆ ಸ್ವಲ್ಪ ಕಡಿಮೆ.

ತುಟಿಗೂ ಮಾತಿಗೂ ಹೊಂದಿಕೆ ಇರುವುದರಿಂದ ಯಾರೂ ದೂರುವುದಿಲ್ಲ. ಆದರೆ ಪಿ.ಬಿ. ಶ್ರೀನಿವಾಸ್ ಅವರ ದನಿಯ ಸೊಗಸೆಲ್ಲ ಇರುವುದು ಆ ನಿಧಾನದಲ್ಲಿ, ಆ ಮಂದ್ರದಲ್ಲಿ. ಅದನ್ನು ಮುಕ್ಕಾಲು ಮನೆ ಎತ್ತಿ ಅವಸರಪಡಿಸಿದರೆ ಉಳಿಯುವುದು ತೆಳುವಾದ ಇನ್ನೊಂದು ದನಿ. ಚಿತ್ರದ ಮೇಲಿನ ಗೀರು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದನ್ನು ಅಳಿಸಲು ಜನ ವಾರಗಟ್ಟಲೆ ಕೂರುತ್ತಾರೆ. ವೇಗದ ದೋಷ ಗೀರಿಗಿಂತ ದೊಡ್ಡದು, ಆದರೂ ಅದಕ್ಕೆ ಸಿಗುವ ಗಮನ ತೀರಾ ಕಡಿಮೆ.

ದೋಷ ಬಯಲಿಗೆ ಬರುವುದು ಎರಡು ಪ್ರತಿಗಳನ್ನು ಬೆರೆಸಿದಾಗ. ಟಿವಿ ಪ್ರತಿಯ ಚಿತ್ರಕ್ಕೆ ಸರಿಯಾದ ವೇಗದ ಧ್ವನಿಯನ್ನು ತಂದು ಜೋಡಿಸಿದರೆ, ಧ್ವನಿ ನಿಮಿಷಕ್ಕೆ ಎರಡೂವರೆ ಸೆಕೆಂಡಿನಂತೆ ಹಿಂದೆ ಬೀಳುತ್ತ ಹೋಗುತ್ತದೆ. ಆಗ ಹಲವರು ಮಾಡುವ ಕೆಲಸ ಒಂದೇ: ದೃಶ್ಯಕ್ಕೊಂದರಂತೆ ಆಡಿಯೊ ತುಂಡರಿಸಿ ಟೈಮ್‌ಲೈನ್ ಮೇಲೆ ಅತ್ತಿತ್ತ ಸರಿಸುವುದು. ಇದು ರಿಪೇರಿಯಲ್ಲ, ತೇಪೆ. ಪ್ರತಿ ದೃಶ್ಯದ ಮೊದಲಲ್ಲಿ ಸರಿಯಿದ್ದದ್ದು ಕೊನೆಗೆ ಮತ್ತೆ ಜಾರುತ್ತದೆ. ಕತ್ತರಿಸಿದ ಕಡೆಯೆಲ್ಲ ಹಿನ್ನೆಲೆ ಸಂಗೀತ ಮುಗ್ಗರಿಸುತ್ತದೆ. ವ್ಯತ್ಯಾಸ ಮೊದಲಿಂದ ಕೊನೆಯವರೆಗೆ ಒಂದೇ ಸಮ ಇದ್ದರೆ ಮಾತ್ರ ಸರಿಸಿದರೆ ಸಾಕು. ಬೆಳೆಯುತ್ತ ಹೋದರೆ ತಪ್ಪಿರುವುದು ವೇಗ. ಇದನ್ನು ತಿಳಿಯಲು ಚಿತ್ರದ ಆರಂಭದಲ್ಲೊಂದು, ಕೊನೆಯಲ್ಲೊಂದು ಚಪ್ಪಾಳೆಯನ್ನೋ ಬಾಗಿಲು ಬಡಿಯುವುದನ್ನೋ ಹುಡುಕಿ ನೋಡಿದರೆ ಆಯಿತು. ಡಬ್ಬಿಂಗ್ ಆದ ಚಿತ್ರಗಳಲ್ಲಂತೂ ತುಟಿಯನ್ನು ನಂಬಿ ಕೂರುವಂತಿಲ್ಲ.

ಸರಿಯಾದ ಕ್ರಮ ಕಷ್ಟದ್ದೇನಲ್ಲ. ಅವಸರದ ಪ್ರತಿಯ ಚಿತ್ರ, ಧ್ವನಿ ಎರಡನ್ನೂ ಶೇಕಡಾ 96ರ ವೇಗಕ್ಕೆ ಇಳಿಸಬೇಕು. ಎಡವುವುದು ಇಲ್ಲೇ. ಎಡಿಟಿಂಗ್ ಸಾಫ್ಟ್‌ವೇರ್‌ಗಳಲ್ಲಿ ಶ್ರುತಿಯನ್ನು ಇದ್ದಂತೆಯೇ ಉಳಿಸುವ ಆಯ್ಕೆಯೊಂದಿದೆ. ಅದಕ್ಕೆ ಟಿಕ್ ಹಾಕಿದರೆ ಲಯ ಸರಿಹೋಗುತ್ತದೆ, ಏರಿದ ಶ್ರುತಿ ಏರಿದಲ್ಲೇ ನಿಲ್ಲುತ್ತದೆ. ವೇಗದ ಜೊತೆ ಏರಿದ ಶ್ರುತಿ ವೇಗದ ಜೊತೆಗೇ ಇಳಿಯಬೇಕು. ಟಿವಿಗೆ ಹಾಕುವಾಗಲೇ ಶ್ರುತಿ ತಿದ್ದಿದ್ದ ಪ್ರತಿಗಳಿಗೆ ಮಾತ್ರ ಆ ಟಿಕ್ ಬೇಕು. ಇನ್ನು ಕೆಲವರು 25 ಫ್ರೇಮಿನ ಫೈಲನ್ನು ಹಾಗೇ 24ರ ಟೈಮ್‌ಲೈನಿಗೆ ಎಳೆದು ಹಾಕಿ ಕೆಲಸ ಮುಗಿಯಿತು ಎನ್ನುತ್ತಾರೆ. ಅಲ್ಲಿ ವೇಗ ಬದಲಾಗುವುದೇ ಇಲ್ಲ. ಸೆಕೆಂಡಿಗೊಂದು ಫ್ರೇಮ್ ಮಾತ್ರ ಕಳೆದುಹೋಗುತ್ತದೆ. ಕ್ಯಾಮೆರಾ ಅಡ್ಡ ತಿರುಗುವಾಗಲೆಲ್ಲ ಚಿತ್ರ ತಡವರಿಸುತ್ತದೆ.

ಹಳೆಯ ಪ್ರಿಂಟುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. 35 ಎಂಎಂ ಪ್ರಿಂಟಿನಲ್ಲಿ ಒಂದು ಫ್ರೇಮಿನ ಧ್ವನಿ ಅದರ ಪಕ್ಕದಲ್ಲಿರುವುದಿಲ್ಲ, ಸುಮಾರು 20 ಫ್ರೇಮ್ ಮುಂದೆ ಇರುತ್ತದೆ. ರೀಲು ಹರಿದು ಅಂಟಿಸಿದಲ್ಲಿ ಮೊದಲು ಚಿತ್ರ ಜಿಗಿಯುತ್ತದೆ, ಒಂದು ಸೆಕೆಂಡಿಗೂ ಕಡಿಮೆ ಹೊತ್ತಿನ ಬಳಿಕ ಧ್ವನಿ ಜಿಗಿಯುತ್ತದೆ. ನಡುವೆ ಮಾತು ಹಿಂದುಳಿದಂತೆ ಕಂಡರೂ ಆಮೇಲೆ ತಾನಾಗಿ ಕೂಡಿಕೊಳ್ಳುತ್ತದೆ. ಇದನ್ನು ಸಿಂಕ್ ದೋಷವೆಂದು ಬಗೆದು ಅಲ್ಲಿಂದಾಚೆಗಿನ ಧ್ವನಿಯನ್ನೆಲ್ಲ ಸರಿಸಿದ ಎಡಿಟರ್, ಇಲ್ಲದ ತಪ್ಪನ್ನು ಉಳಿದ ರೀಲಿಗೆಲ್ಲ ಹಚ್ಚಿದಂತಾಗುತ್ತದೆ. ಇಲ್ಲಿ ಕೈ ಹಾಕದಿರುವುದೇ ಕಸುಬು.

ಗಿರೀಶ್ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಮೂಲ ಕ್ಯಾಮೆರಾ ನೆಗೆಟಿವ್‌ನಿಂದ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಆ ಭಾಗ್ಯ ಎಲ್ಲ ಚಿತ್ರಗಳಿಗೂ ಇಲ್ಲ. ನೆಗೆಟಿವ್ ಹಾಳಾದ ಚಿತ್ರಕ್ಕೆ ಟಿವಿಗೆಂದು ಮಾಡಿದ ಟೇಪೇ ಗತಿ. ಅದನ್ನು ಇಂದು ಅಂತರ್ಜಾಲಕ್ಕೆ ಏರಿಸುವವರೇ ಅದರ ಕಾವಲುಗಾರರು. ಅವರು ಮೂಲ ಪ್ರತಿಯನ್ನು ಮುಟ್ಟದೆ ಒಂದು ಕಡೆ ತೆಗೆದಿಡಲಿ. ಏರಿಸಿದ ಪ್ರತಿಯ ಕೆಳಗೆ ಅದು ಎಲ್ಲಿಂದ ಬಂತು, ಎಷ್ಟು ಫ್ರೇಮಿನದು, ವೇಗವನ್ನೂ ಶ್ರುತಿಯನ್ನೂ ತಿದ್ದಿದೆಯೇ ಎಂದು ಎರಡು ಸಾಲು ಬರೆಯಲಿ.