ಎಡಗೈಗೂ ಒಂದು ಹಾಡು

ಬೀಳಗಿ ಸೀಮೆಯ ಬಾಡಗಂಡಿಯ ಸುತ್ತಲಿನ ಊರುಗಳಲ್ಲಿ ಸಂಗೀತ ಕಲಿಯುವ ಹುಡುಗರ ಕೈಗೆ ಮೊದಲು ಸಿಗುವುದು ಪೇಟಿ, ಅಂದರೆ ಹಾರ್ಮೋನಿಯಂ. ಭಜನಿ ಮೇಳಕ್ಕೂ ಅದೇ, ಶ್ರೀಕೃಷ್ಣ ಪಾರಿಜಾತದ ಆಟಕ್ಕೂ ಅದೇ. ಬಲಗೈ ಸ್ವರ ನುಡಿಸುತ್ತದೆ, ಎಡಗೈ ಗಾಳಿ ಹಾಕುತ್ತದೆ. ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥ (1917–2010) ದೊಡ್ಡವರು ಈ ವಾದ್ಯವನ್ನು ಎಷ್ಟೋ ಎತ್ತರಕ್ಕೆ ಒಯ್ದರು. ಆದರೂ ಪೇಟಿಯಲ್ಲಿ ಎಡಗೈ ದುಡಿಯುತ್ತದೆ, ಹಾಡುವುದಿಲ್ಲ. ಪಿಯಾನೋ ಕಲಿಯುವ ಮಕ್ಕಳಿಗೆ ಕೊಡುವ ಬರೋಕ್ ಕಾಲದ ಸಣ್ಣ ಕೃತಿಗಳ ದೊಡ್ಡ ಗುಣ ಇಲ್ಲೇ ಇದೆ: ಅವು ಎಡಗೈಗೂ ಹಾಡು ಕೊಡುತ್ತವೆ.

ಇವುಗಳಲ್ಲಿ ಹಲವು ಮನೆಯೊಳಗೆ ಹುಟ್ಟಿದವು. ಒಂಬತ್ತು ವರ್ಷದ ಹಿರಿಮಗನಿಗಾಗಿ ಜರ್ಮನ್ ಸಂಗೀತಕಾರ ಬಾಖ್ 1720ರಲ್ಲಿ ಒಂದು ಪಾಠದ ಪುಸ್ತಕ ಶುರುಮಾಡಿದ. ಯಾವ ಸ್ವರಕ್ಕೆ ಯಾವ ಬೆರಳು ಎಂದು ಅದರಲ್ಲಿ ತಾನೇ ಅಂಕಿ ಹಾಕಿಕೊಟ್ಟ. ಹೆಂಡತಿ ಅನ್ನಾ ಮಗ್ದಲೇನಾಳಿಗೆ 1722ರಲ್ಲೊಂದು, 1725ರಲ್ಲೊಂದು ಪುಸ್ತಕ. ಎರಡನೆಯದರಲ್ಲಿ ಬೇರೆಯವರ ರಚನೆಗಳೂ ಸೇರಿಕೊಂಡಿವೆ. ಲೋಕವೆಲ್ಲ ಬಾಖ್‌ನದೆಂದು ನುಡಿಸುತ್ತಿದ್ದ ಜಿ ಮೇಜರ್ ಮಿನ್ಯುಯೆಟ್ ಡ್ರೆಸ್ಡೆನ್ನಿನ ಆರ್ಗನ್ ವಾದಕ ಕ್ರಿಸ್ಟಿಯಾನ್ ಪೆಟ್ಜೋಲ್ಡ್‌ನದು ಎಂದು ಗೊತ್ತಾದದ್ದು 1970ರ ದಶಕದಲ್ಲಿ. ಅಂಥ ಪುಸ್ತಕವನ್ನು ಒಂದು ಮನೆಯ ಭಜನಿ ವಹಿಯಂತೆ ನೋಡಬೇಕು. ಚಂದ ಕಂಡದ್ದನ್ನೆಲ್ಲ ಬರೆದಿಟ್ಟುಕೊಂಡಿದ್ದಾರೆ.

ಆ ಮಿನ್ಯುಯೆಟ್ಟನ್ನು ಪೇಟಿಯ ಮೇಲೇ ನುಡಿಸಿ ನೋಡಬಹುದು. ಜಿ ಸ್ವರವನ್ನು ಷಡ್ಜ ಮಾಡಿಕೊಂಡರೆ ಮೊದಲ ಸಾಲು ಪ, ಸರಿ, ಗಮ, ಪ, ಸ, ಸ. ಬಿಲಾವಲ್ ಥಾಟಿನ ಶುದ್ಧ ಸ್ವರಗಳು, ಆರು ಮಾತ್ರೆ. ಮಿನ್ಯುಯೆಟ್ ಕುಣಿಯುವವರ ಒಂದು ಹೆಜ್ಜೆಯ ಸುತ್ತು ಮುಗಿಯುವುದೂ ಆರು ಎಣಿಕೆಗೇ. ದಾದ್ರಾ ತಾಳ ಬಲ್ಲ ನಮ್ಮ ಹುಡುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದೇ ಪುಸ್ತಕದ ಮ್ಯುಸೆಟ್ ಇನ್ನೂ ಹತ್ತಿರದ್ದು. ಚೀಲದ ಊದುವಾದ್ಯದ ಹೆಸರು ಹೊತ್ತ ಈ ಕುಣಿತದಲ್ಲಿ ಎಡಗೈ ಒಂದೇ ಸ್ವರವನ್ನು ಶ್ರುತಿಯಂತೆ ಹಿಡಿದು ಬಡಿಯುತ್ತದೆ. ಶಹನಾಯಿ ವಾದಕ ಸನಾದಿ ಅಪ್ಪಣ್ಣನ ಬೀಳಗಿ ಸೀಮೆಯವರು, ಕರಡಿಮಜಲು ಮೇಳದ ಸನಾದಿ ಕೇಳುತ್ತ ಬೆಳೆದವರು, ಆ ಶ್ರುತಿಯನ್ನು ಕಿವಿಗೆ ಬಿದ್ದ ಕೂಡಲೇ ಗುರುತಿಸಿಯಾರು.

ಈ ಬರೋಕ್ ಕೃತಿಗಳನ್ನು ಇಂದು ಕಲಿಸುವ ರೀತಿಯ ಬಗ್ಗೆ ನನ್ನ ತಕರಾರಿದೆ. ಸಾರಾಬಾಂಡ್, ಗವೋಟ್, ಜೀಗ್ ಎಲ್ಲವೂ ಕುಣಿತದ ಹೆಸರುಗಳು. ಪಿಯಾನೋ ಗ್ರೇಡ್ ಪರೀಕ್ಷೆಗೆ ಕೂತ ಮಗುವಿಗೆ ಅವು ಬರೀ ತಲೆಬರಹ. ಕಾಲು ಅಲುಗದೆ ಬೆರಳಷ್ಟೇ ಓಡಿದರೆ ಲಯ ಎಲ್ಲಿಂದ ಬರಬೇಕು? ಪಾರಿಜಾತದಲ್ಲಿ ದೂತಿಯ ಹೆಜ್ಜೆ ಬಿಟ್ಟು ಪದ ಮಾತ್ರ ಕಲಿಸಿದರೆ ನಮ್ಮ ಮಾಸ್ತರರು ಒಪ್ಪುವರೇ? ಇನ್ನೊಂದು ಮಾತು. ಆ ಕಾಲದ ಕೀಲಿಮಣೆ ವಾದ್ಯವಾದ ಹಾರ್ಪ್ಸಿಕಾರ್ಡ್‌ನಲ್ಲಿ ಬೆರಳಿನ ಒತ್ತಡದಿಂದ ದನಿಯನ್ನು ಮೆಲ್ಲಗೆ ಏರಿಸಿ ಇಳಿಸಲು ಬರುವುದಿಲ್ಲ. ಆ ಏರಿಳಿತದ ಗುರುತುಗಳನ್ನು ಎಷ್ಟೋ ಕಡೆ ನಂತರದ ಸಂಪಾದಕರು ಸೇರಿಸಿದರು; ಮಕ್ಕಳು ಅವನ್ನೇ ಮೂಲವೆಂದು ನಂಬುತ್ತಾರೆ. ಇನ್ವೆನ್ಷನ್ ಎಂಬ ತನ್ನ ಪಾಠದ ಕೃತಿಗಳಿಗೆ 1723ರಲ್ಲಿ ಬರೆದ ಮುನ್ನುಡಿಯಲ್ಲಿ ಬಾಖ್ ಬಯಸಿದ್ದು ಎರಡು ದನಿಗಳು ಸ್ವಚ್ಛವಾಗಿ ಕೇಳಬೇಕು, ನುಡಿಸಾಣಿಕೆ ಹಾಡಿನಂತಿರಬೇಕು ಎಂಬುದನ್ನು. ಅಂಕದ ಅವಸರದಲ್ಲಿ ಮೊದಲು ಸೊರಗುವುದು ಆ ಎರಡನೆಯ ದನಿಯೇ.

ನಮ್ಮ ಊರುಗಳಿಗೆ ಪಿಯಾನೋ ಬರಲಿ ಎಂದು ಕಾಯಬೇಕಿಲ್ಲ. ಪೇಟಿ ಮಾಸ್ತರರಲ್ಲಿ ನನ್ನದೊಂದು ಕೇಳಿಕೆ: ಇಬ್ಬರು ಮಕ್ಕಳನ್ನು ಎರಡು ಪೇಟಿಗಳ ಮುಂದೆ ಕೂಡ್ರಿಸಿ, ಪೆಟ್ಜೋಲ್ಡ್‌ನ ಮಿನ್ಯುಯೆಟ್ಟಿನ ಮೇಲಿನ ದನಿಯನ್ನು ಒಬ್ಬರಿಗೆ, ಕೆಳಗಿನದನ್ನು ಇನ್ನೊಬ್ಬರಿಗೆ ಕೊಡಿ. ಮರುದಿನ ಅದಲುಬದಲು ಮಾಡಿ.