ನೆನಪೇ ಇಲ್ಲದವರ 'ಮೆಮೊರೀಸ್'

ಕತ್ಸುಹಿರೊ ಒಟೊಮೊ ಅಂದ್ರೆ ಸಾಕು, ಎಲ್ಲರ ಬಾಯಲ್ಲೂ 1988ರ 'ಅಕಿರಾ'. ಅದಾಗಿ ಏಳು ವರ್ಷಕ್ಕೆ, 1995ರ ಡಿಸೆಂಬರಿನಲ್ಲಿ ಬಂದ 'ಮೆಮೊರೀಸ್' ಅದರ ನೆರಳಲ್ಲೇ ಉಳಿದುಬಿಡ್ತು. ಇದು ಒಂದು ಸಿನಿಮಾ ಅಲ್ಲ, ಮೂರು. ಮೂರರಲ್ಲೂ ಒಟೊಮೊ ಕೈ ಇದೆ, ನಿರ್ದೇಶಕರು ಮಾತ್ರ ಬೇರೆ ಬೇರೆ.

ನೋಡಿದವರೆಲ್ಲ ಹೊಗಳೋದು ಮೊದಲನೆಯದಾದ 'ಮ್ಯಾಗ್ನೆಟಿಕ್ ರೋಸ್' ಅನ್ನು. ಕೊಜಿ ಮೊರಿಮೊಟೊ ನಿರ್ದೇಶನ, ಸತೋಶಿ ಕೋನ್ ಚಿತ್ರಕಥೆ, ಯೊಕೊ ಕನ್ನೊ ಸಂಗೀತ. ಬಾಹ್ಯಾಕಾಶದಲ್ಲಿ ಗುಜರಿ ಆಯುವ ಒಂದು ಹಡಗು. ಎಲ್ಲಿಂದಲೋ ಸಹಾಯ ಕೇಳುವ ಸಂಕೇತ ಬರುತ್ತೆ, ಜೊತೆಗೆ ಪುಚಿನಿಯ 'ಮದಾಮ ಬಟರ್‌ಫ್ಲೈ' ಆಪೆರಾದ ಹಾಡು. ಹುಡುಕಿಕೊಂಡು ಹೋದ್ರೆ ಅಲ್ಲೊಂದು ಅರಮನೆ. ಒಡತಿ ಈವಾ ಒಂದು ಕಾಲದ ದೊಡ್ಡ ಗಾಯಕಿ, ಸತ್ತು ಎಷ್ಟೋ ವರ್ಷ ಆಗಿದೆ. ಆದರೆ ಅವಳ ನೆನಪುಗಳನ್ನ ಯಂತ್ರಗಳು ಇನ್ನೂ ಓಡಿಸ್ತಾನೇ ಇವೆ. ಒಳಗೆ ಹೋದ ಹೈಂಟ್ಸ್‌ಗೆ ತನ್ನ ಪುಟ್ಟ ಮಗಳು ಕಾಣಿಸ್ತಾಳೆ. ಮುಂದೆ ಕೋನ್ ಮಾಡಿದ 'ಪರ್ಫೆಕ್ಟ್ ಬ್ಲೂ', 'ಪಾಪ್ರಿಕಾ' ಎರಡರ ಬೀಜವೂ ಇಲ್ಲೇ ಇದೆ. ಹೊಗಳಿಕೆಯಲ್ಲಿ ತಪ್ಪೇನಿಲ್ಲ.

ಆದರೆ ಜೊತೆಗೇ ಒಂದು ಮಾತು ಬರುತ್ತೆ: ಉಳಿದೆರಡಕ್ಕೂ 'ಮೆಮೊರೀಸ್' ಅನ್ನೋ ಹೆಸರಿಗೂ ಸಂಬಂಧವೇ ಇಲ್ಲ ಅಂತ. ಇದನ್ನ ನಾನು ಒಪ್ಪಲ್ಲ.

ಎರಡನೆಯದು 'ಸ್ಟಿಂಕ್ ಬಾಂಬ್', ನಿರ್ದೇಶನ ತೆನ್ಸಾಯ್ ಒಕಮುರ. ತನಾಕಾ ಅನ್ನೋ ಲ್ಯಾಬ್ ನೌಕರ ನೆಗಡಿಗೆ ಅಂತ ಒಂದು ಮಾತ್ರೆ ನುಂಗ್ತಾನೆ. ಅದು ನೆಗಡಿ ಮಾತ್ರೆ ಅಲ್ಲ. ಮೈಯಿಂದ ಹೊರಡೋ ವಾಸನೆಗೆ ಸುತ್ತಲಿನವರೆಲ್ಲ ಸಾಯ್ತಾರೆ, ಚಳಿಗಾಲದಲ್ಲಿ ಹೂ ಅರಳುತ್ತೆ, ಪಾಪ ಅವನಿಗೊಬ್ಬನಿಗೆ ಏನೂ ಗೊತ್ತಾಗಲ್ಲ. ಕಾಗದಪತ್ರ ತಗೊಂಡು ಟೋಕಿಯೋಗೆ ಬಾ ಅಂತ ಹೆಡ್ಡಾಫೀಸಿನವರು ಹೇಳಿದ್ರು, ಹೊರಟ. ಸೈನ್ಯ ಅಡ್ಡ ಬಂದ್ರೂ ನಿಲ್ಲಲ್ಲ. ನಗು ಬರುತ್ತೆ, ನಿಜ. ಒಂದೇ ಜೋಕನ್ನ ಎಳೆದಿದ್ದಾರೆ ಅನ್ನೋದೂ ನಿಜ, ಕಾಲು ಗಂಟೆ ಕತ್ತರಿಸಬಹುದಿತ್ತು. ಆದರೆ ಗಮನಿಸಿ, ಆತ ಕೆಟ್ಟವನಲ್ಲ. ಹೇಳಿದ ಕೆಲಸ ಮಾಡುವ ಒಳ್ಳೆಯ ನೌಕರ. ಅನಾಹುತಕ್ಕೆ ಅಷ್ಟು ಸಾಕು.

ಮೂರನೆಯ 'ಕ್ಯಾನನ್ ಫಾಡರ್' ಒಟೊಮೊ ಅವರದೇ ನಿರ್ದೇಶನ. ನನ್ನ ಪ್ರಕಾರ ಮೂರರಲ್ಲಿ ದೊಡ್ಡದು ಇದೇ. ಊರಿಗೆ ಊರೇ ಫಿರಂಗಿ. ಅಪ್ಪ ಗುಂಡು ತುಂಬುವ ಕೂಲಿ, ಅಮ್ಮ ಗುಂಡಿನ ಕಾರ್ಖಾನೆಯಲ್ಲಿ, ಶಾಲೆಯಲ್ಲಿ ಕಲಿಸೋದೂ ಗುರಿ ಇಡುವ ಗಣಿತ. ಇಡೀ ಕಥೆ ಒಂದೇ ಶಾಟ್‌ನಂತೆ ಹರಿಯುತ್ತೆ. ಕಣ್ಣು ಬೇರೆ ಕಡೆ ತಿರುಗಿಸೋಕೆ ಕ್ಯಾಮೆರಾ ನಮಗೆ ಜಾಗವನ್ನೇ ಕೊಡಲ್ಲ, ಆ ಊರು ಅಲ್ಲಿನವರಿಗೆ ಕೊಡದ ಹಾಗೆ. ಶತ್ರು ಎಲ್ಲೂ ಕಾಣಲ್ಲ. ನಾವು ಯಾರ ಜೊತೆ ಯುದ್ಧ ಮಾಡ್ತಿದ್ದೀವಿ ಅಂತ ಹುಡುಗ ಅಪ್ಪನ್ನ ಕೇಳ್ತಾನೆ. ದೊಡ್ಡವನಾದ ಮೇಲೆ ಗೊತ್ತಾಗುತ್ತೆ ಅನ್ನೋದೇ ಉತ್ತರ.

ಈಗ ಆ ಹೆಸರನ್ನ ಮತ್ತೆ ನೋಡಿ. ಈವಾಳ ಮನೆಯಲ್ಲಿ ನೆನಪು ಕೊಳೆಯುವಷ್ಟು ತುಂಬಿದೆ. ತನಾಕಾಗೆ ವಿಷಯವನ್ನೇ ಯಾರೂ ಹೇಳಿಲ್ಲ. ಫಿರಂಗಿ ಊರಲ್ಲಿ ಯುದ್ಧ ಯಾಕೆ ಅನ್ನೋದನ್ನ ಹೇಳುವವರೇ ಉಳಿದಿಲ್ಲ. ನೆನಪಿಲ್ಲದಿರುವುದೂ ನೆನಪಿನ ಕಥೆಯೇ ತಾನೆ? ಸಾಫ್ಟ್‌ವೇರಿನವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಹಳೇ ಕೋಡ್‌ನಲ್ಲಿ ನಾಲ್ಕು ಸಾಲು ಇರುತ್ತೆ, ಬರೆದವನು ಕೆಲಸ ಬಿಟ್ಟು ವರ್ಷಗಳಾಗಿರುತ್ತೆ. ಯಾಕಿದೆ ಗೊತ್ತಿಲ್ಲ, ತೆಗೆಯೋಕೆ ಧೈರ್ಯ ಇಲ್ಲ, ದಿನಾ ಓಡ್ತಾನೇ ಇರುತ್ತೆ.

ನನ್ನನ್ನ ಹೆಚ್ಚು ಕಾಡಿದ್ದು ಮಾತ್ರ ಆ ಹುಡುಗನ ಆಸೆ. ಅವನಿಗೆ ಅಪ್ಪನ ಹಾಗೆ ಗುಂಡು ತುಂಬೋದು ಬೇಡ, ಗುಂಡು ಹಾರಿಸುವ ಅಧಿಕಾರಿ ಆಗಬೇಕು. ಹಳ್ಳಿಯಲ್ಲಿ ಬೆಳೆದ ನಾವೆಲ್ಲ ಓದಿದ್ದು ಇದೇ ಆಸೆಯ ಮೇಲೆ: ನನ್ನ ಹಾಗೆ ಮಣ್ಣು ಹೊರಬೇಡ ಮಗಾ, ಮೇಲಿನ ಕುರ್ಚಿಯಲ್ಲಿ ಕೂರು. ಆ ಮಾತಲ್ಲಿ ಪ್ರೀತಿ ಇದೆ, ಸುಳ್ಳಲ್ಲ. ಆದರೆ ಕುರ್ಚಿ ಮೇಲಿದೆಯೋ ಕೆಳಗಿದೆಯೋ ಅಂತ ನೋಡ್ತೀವೇ ಹೊರತು, ಫಿರಂಗಿಯ ಬಾಯಿ ಯಾವ ಕಡೆಗಿದೆ ಅಂತ ಕೇಳಲ್ಲ. ಕುರ್ಚಿ ಸಿಕ್ಕಿದ ಮೇಲಂತೂ ಕೇಳೋದೇ ಇಲ್ಲ.

ಮೂರನ್ನೂ ಒಟ್ಟಿಗೆ, ಅದೇ ಕ್ರಮದಲ್ಲಿ ನೋಡಿ. ಮೊದಲನೆಯದನ್ನ ನೋಡಿ ಎದ್ದು ಹೋಗಬೇಡಿ.