ತಂಬೂರಿಯ ಅಲೆಗಳು

ಕಛೇರಿಯಲ್ಲಿ ಹಾಡು ಶುರುವಾಗುವ ಮುಂಚಿನ ಒಂದೆರಡು ನಿಮಿಷ ನನಗೆ ಬಲು ಇಷ್ಟ. ಆಗ ತಂಬೂರಿಯದೇ ರಾಜ್ಯ. ಪ ಸ ಸ ಸ ಎಂದು ನಾಲ್ಕು ತಂತಿಗಳು ಒಂದಾದ ಮೇಲೊಂದು ಮಿಡಿಯುತ್ತವೆ. ಒಂದರ ನಾದ ಇಳಿಯುವ ಮೊದಲೇ ಇನ್ನೊಂದರದು ಏಳುತ್ತದೆ.

ಮೀಟಿದ ತಂತಿಯ ಒಂದೊಂದು ಕಣವೂ ಅತ್ತಿತ್ತ ತೂಗುತ್ತದೆ. ಅಲೆ ಮಾತ್ರ ತಂತಿಯ ಉದ್ದಕ್ಕೂ ಓಡುತ್ತದೆ. ಇದು ಅಡ್ಡ ಅಲೆ. ಪಕ್ಕಕ್ಕೆ ಸರಿದ ತಂತಿಯನ್ನು ಅದರ ಬಿಗಿಯೇ ಮರಳಿ ಸಾಲಿಗೆ ಎಳೆಯುತ್ತದೆ. ಬಿರಡೆ ತಿರುವಿ ಬಿಗಿ ಹೆಚ್ಚಿಸಿದರೆ ಅಲೆಯ ಓಟ ಚುರುಕಾಗಿ ಶ್ರುತಿ ಏರುತ್ತದೆ. ಗಾಳಿಗೆ ಇಂಥ ಬಿಗಿಯಿಲ್ಲ. ಅದರ ಒಂದು ಪದರವನ್ನು ಪಕ್ಕಕ್ಕೆ ಜಾರಿಸಿದರೆ ಹಿಂದಕ್ಕೆ ಎಳೆಯುವವರಿಲ್ಲ. ಒತ್ತಿದರೆ ಮಾತ್ರ ತಿರುಗಿ ಒತ್ತುತ್ತದೆ. ಹಾಗಾಗಿ ಗಾಳಿಯಲ್ಲಿ ನಾದ ಸಾಗುವುದು ನೀಳ ಅಲೆಯಾಗಿ: ಕಣಗಳು ಅಲೆ ಸಾಗುವ ದಿಕ್ಕಿನಲ್ಲೇ ಹಿಂದೆ ಮುಂದೆ ಆಡುತ್ತ, ದಟ್ಟವಾಗುತ್ತ, ವಿರಳವಾಗುತ್ತ, ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ.

ಒಂದು ಅಲೆ ಇನ್ನೊಂದಕ್ಕೆ ಹೊರಳುವುದು ತಂತಿಗಳನ್ನು ಹೊತ್ತು ನಿಂತ ಕುದುರೆಯ ಮೂಲಕ. ತೆಳ್ಳಗಿನ ತಂತಿ ತಾನಾಗಿ ಹೆಚ್ಚು ಗಾಳಿಯನ್ನು ಕದಲಿಸಲಾರದು. ಕುದುರೆ ಅದರ ಕಂಪನವನ್ನು ಮೇಲ್ಹಲಗೆಗೆ ದಾಟಿಸುತ್ತದೆ. ಅಗಲವಾದ ಹಲಗೆ ಗಾಳಿಯನ್ನು ತಳ್ಳುತ್ತದೆ, ಸೆಳೆಯುತ್ತದೆ. ವೇಗ ಬದಲಾಗುತ್ತದೆ, ಅಲೆಯುದ್ದ ಬದಲಾಗುತ್ತದೆ, ಕಣಗಳ ನಡೆಯೇ ಬೇರೆಯಾಗುತ್ತದೆ. ಸೆಕೆಂಡಿಗೆ ಎಷ್ಟು ಕಂಪನ ಎಂಬುದೊಂದು ಮಾತ್ರ ಹಾಗೇ ಉಳಿಯುತ್ತದೆ. ಶ್ರುತಿಯೆಂದು ಕಿವಿ ಹಿಡಿಯುವುದು ಅದನ್ನೇ. ಇಷ್ಟೆಲ್ಲ ಹೊರಳಾಟದಲ್ಲಿ ಅದು ಒಂದಿಷ್ಟೂ ಕದಡದೆ ಬರುವುದು ನನಗಂತೂ ಇವತ್ತಿಗೂ ಬೆರಗು.

ಕುದುರೆಯ ಸೊಗಸು ಇಷ್ಟಕ್ಕೇ ಮುಗಿಯುವುದಿಲ್ಲ. ಪಿಟೀಲಿನ ಕುದುರೆಯ ಅಂಚು ಸಣ್ಣದು. ತಂಬೂರಿಯದು ಅಗಲ, ತುಸು ಬಾಗಿದ ಮೈ. ಅದರ ಮೇಲೆ, ತಂತಿಯ ಅಡಿಯಲ್ಲಿ, ಒಂದೆಳೆ ದಾರ. ಅದನ್ನು ಅಷ್ಟಿಷ್ಟು ಸರಿಸಿ ಸರಿಯಾದ ಜಾಗಕ್ಕೆ ತಂದರೆ ಸಪ್ಪೆಯಾಗಿದ್ದ ನಾದ ಝೇಂಕರಿಸತೊಡಗುತ್ತದೆ. ಸಿ.ವಿ. ರಾಮನ್ ಕಲ್ಕತ್ತೆಯಲ್ಲಿದ್ದಾಗ, 1921ರಲ್ಲಿ, ತಂಬೂರಿ ಮತ್ತು ವೀಣೆಯ ಬಗ್ಗೆ ಪ್ರಬಂಧ ಪ್ರಕಟಿಸಿದ್ದರು. ತಂತಿಯನ್ನು ನಟ್ಟನಡುವೆ ಮೀಟಿದರೆ, ಆ ಬಿಂದುವಿನಲ್ಲಿ ಅಲುಗದೆ ನಿಲ್ಲುವ ಉಪಸ್ವರಗಳು ಹುಟ್ಟಬಾರದು ಎನ್ನುತ್ತದೆ ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಅವರ ನಿಯಮ; ಮೇಲಿನ ಷಡ್ಜವೂ ಅವುಗಳಲ್ಲೊಂದು. ತಂಬೂರಿಯಲ್ಲಿ ಅವು ಧಾರಾಳವಾಗಿ ಕೇಳುತ್ತವೆಂದು ರಾಮನ್ ತೋರಿಸಿದರು. ತೂಗುವಾಗಲೆಲ್ಲ ತಂತಿ ಕುದುರೆಯ ಬಾಗಿದ ಮೈಯನ್ನು ಸವರಿ ಹೋಗುವುದೇ ಇದಕ್ಕೆ ಕಾರಣ.

ಮಂದ್ರ ಷಡ್ಜದ ತಂತಿಗೆ ಕಿವಿಗೊಟ್ಟು ನೋಡಿ. ಅದರ ಐದು ಪಟ್ಟು ಕಂಪನದ ಉಪಸ್ವರವಾಗಿ, ಯಾರೂ ಮೀಟದ ಅಂತರ ಗಾಂಧಾರ ಸ್ವಚ್ಛವಾಗಿ ಕೇಳುತ್ತದೆ.